ಓಡಾಡುತ್ತಿದ್ದ ಮಗು ಕಾಲೂರಲು ಒಲ್ಲೆ ಎಂದಾಗ: ಪುಟ್ಟ ಮಕ್ಕಳ ಬೆನ್ನುಹುರಿಯ ಸೋಂಕು

ನಿನ್ನೆಯವರೆಗೆ ಮನೆತುಂಬ ಓಡಾಡುತ್ತಿದ್ದ ಎರಡು ವರ್ಷದ ಮಗು ಇವತ್ತು ನೆಲಕ್ಕಿಳಿಸಿದರೆ ರಚ್ಚೆ ಹಿಡಿಯುತ್ತದೆ. ಕಾಲೂರಲು ಒಲ್ಲದು. ಮೈ ಸ್ವಲ್ಪ ಬೆಚ್ಚಗಿದೆ, ಬಿದ್ದದ್ದನ್ನು ಯಾರೂ ನೋಡಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರು ಉಳುಕಿರಬೇಕು ಎನ್ನುತ್ತಾರೆ, ಹಲ್ಲು ಬರುವ ಜ್ವರ ಎನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಬಹಳಷ್ಟು ಸಲ ಕಾರಣ ನಿಜಕ್ಕೂ ಸಣ್ಣದಾಗಿರುತ್ತದೆ. ನೆಗಡಿ ಜ್ವರದ ಹಿಂದೆಯೇ ಸೊಂಟದ ಕೀಲಿನಲ್ಲಿ ಕಾಣಿಸಿಕೊಂಡು ಒಂದೆರಡು ವಾರದಲ್ಲಿ ತಾನೇ ಇಳಿಯುವ ಉರಿಯೂತವೋ, ಕಾಲಿಗೆ ತಗುಲಿದ ಪೆಟ್ಟೋ ಆಗಿರುತ್ತದೆ. ಕೆಲವೇ ಮಕ್ಕಳಲ್ಲಿ ಮಾತ್ರ ತೊಂದರೆಯ ಮೂಲ ಬೆನ್ನಿನಲ್ಲಿರುತ್ತದೆ. ಬೆನ್ನುಮೂಳೆಯಲ್ಲಿ, ಅದರೊಳಗಿನ ಬೆನ್ನುಹುರಿಯ ಸುತ್ತ, ತೀರಾ ಅಪರೂಪಕ್ಕೆ ಬೆನ್ನುಹುರಿಯ ಒಳಗೇ ಸೋಂಕು ತಗುಲಿ ಕೀವು ಕಟ್ಟಿರುತ್ತದೆ.

ಕಾಯಿಲೆ ವಿರಳ. ವಿರಳವಾದ್ದರಿಂದಲೇ ಅದು ತಡವಾಗಿ ಪತ್ತೆಯಾಗುತ್ತದೆ, ತಡವಾದಷ್ಟೂ ನಷ್ಟ ಹೆಚ್ಚು. ಔಷಧಗಳಿವೆ, ಶಸ್ತ್ರಚಿಕಿತ್ಸೆಯಿದೆ, ಗುಣವಾಗುವ ಮಕ್ಕಳೂ ಬಹಳ. ಆದರೆ ಚಿಕಿತ್ಸೆ ಶುರುವಾದ ದಿನ ಮಗುವಿನ ಕಾಲಲ್ಲಿ ಎಷ್ಟು ಬಲ ಉಳಿದಿತ್ತು ಎಂಬುದೇ ಅದು ಮುಂದೆ ಹೇಗೆ ನಡೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಹಾಗಾಗಿ ತಂದೆ ತಾಯಂದಿರಿಗೆ ಈ ವಿಷಯ ಅಷ್ಟಿಷ್ಟಾದರೂ ಗೊತ್ತಿರಬೇಕು.

ಬೆನ್ನುಹುರಿ ಇರುವುದು ಎಲ್ಲಿ?

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಮೂಳೆಗಳ ಸಾಲು ಅದು. ಒಂದೊಂದು ಮೂಳೆಗೆ ಕಶೇರು ಎಂದು ಹೆಸರು. ಎರಡು ಕಶೇರುಗಳ ನಡುವೆ ಮೆತ್ತನೆಯ ಡಿಸ್ಕ್ ಇರುತ್ತದೆ. ಈ ಸಾಲಿನ ಹಿಂಭಾಗದಲ್ಲಿ ಉದ್ದಕ್ಕೂ ಒಂದು ನಾಳವಿದೆ. ಮಿದುಳಿನ ಬುಡದಿಂದ ಹೊರಟ ನರಗಳ ಕಟ್ಟು ಈ ನಾಳದೊಳಗೆ ಇಳಿಯುತ್ತದೆ. ಅದೇ ಬೆನ್ನುಹುರಿ. ದೊಡ್ಡವರಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಶಿಶುವಿನಲ್ಲಿ ಇನ್ನೂ ಎಷ್ಟು ಸಣ್ಣದಿರಬೇಕೆಂದು ಊಹಿಸಿಕೊಳ್ಳಿ. ಕಾಲು ಎತ್ತಬೇಕೆಂಬ ಮಿದುಳಿನ ಆಜ್ಞೆ ಇದರ ಮೂಲಕವೇ ಕೆಳಗಿಳಿಯಬೇಕು; ಪಾದಕ್ಕೆ ಮುಳ್ಳು ಚುಚ್ಚಿದ ಸುದ್ದಿ ಇದರ ಮೂಲಕವೇ ಮೇಲೇರಬೇಕು. ಮೂತ್ರ ಮತ್ತು ಮಲವಿಸರ್ಜನೆಯ ಹಿಡಿತವೂ ಇದರದೇ.

ಬೆನ್ನುಹುರಿಯ ಸುತ್ತ ತಿಳಿಯಾದ ದ್ರವವಿದೆ. ಆ ದ್ರವವನ್ನು ಒಳಗಿಟ್ಟುಕೊಂಡು ಗಟ್ಟಿಯಾದ ಪೊರೆಯೊಂದು ಸುತ್ತುವರಿದಿದೆ. ಪೊರೆಗೂ ಮೂಳೆಗೂ ನಡುವಿನ ಕಿರಿದಾದ ಜಾಗದಲ್ಲಿ ಒಂದಿಷ್ಟು ಕೊಬ್ಬು, ರಕ್ತನಾಳಗಳು. ಈ ಪದರಗಳನ್ನು ನೆನಪಿಟ್ಟುಕೊಂಡರೆ ವೈದ್ಯರ ಮಾತು ಸುಲಭವಾಗಿ ಅರ್ಥವಾಗುತ್ತದೆ. ಸೋಂಕು ಡಿಸ್ಕ್ ಮತ್ತು ಮೂಳೆಯಲ್ಲಿದ್ದರೆ ಒಂದು ಕಾಯಿಲೆ. ಪೊರೆಯ ಹೊರಗೆ ಕೀವು ಕಟ್ಟಿದರೆ ಇನ್ನೊಂದು, ಅದನ್ನು ಎಪಿಡ್ಯೂರಲ್ ಕೀವುಗಟ್ಟು ಎನ್ನುತ್ತಾರೆ. ದ್ರವದೊಳಕ್ಕೆ ಇಳಿದರೆ ಮೆನಿಂಜೈಟಿಸ್. ಬೆನ್ನುಹುರಿಯ ತಿರುಳಿನೊಳಗೇ ಕೀವಾದರೆ ಅದು ನಾಲ್ಕನೆಯದು, ಎಲ್ಲಕ್ಕಿಂತ ವಿರಳವಾದದ್ದು. ನಮ್ಮ ಮಾತಿನಲ್ಲಿ ಎಲ್ಲವೂ ‘ಬೆನ್ನುಹುರಿ ಸೋಂಕು’. ಚಿಕಿತ್ಸೆ ಮಾತ್ರ ಬೇರೆ ಬೇರೆ.

ತೊಡೆಯ ಮೇಲೆ ಕುರು ಎದ್ದರೆ ಅದು ಹೊರಕ್ಕೆ ಊದಿಕೊಂಡು, ಹಣ್ಣಾಗಿ ಒಡೆಯುತ್ತದೆ. ಬೆನ್ನುಹುರಿಯ ಸುತ್ತ ಊದಲು ಜಾಗವಿಲ್ಲ. ಗೋಡೆಯೊಳಗೆ ಕೂರಿಸಿದ ಪೈಪಿನಲ್ಲಿ ಕರೆಂಟಿನ ವಯರು ಹಾದುಹೋಗುವ ಹಾಗೆ ಅದು ಮೂಳೆಯ ನಾಳದಲ್ಲಿ ಕೂತಿದೆ. ಪೈಪು ಹಿಗ್ಗುವುದಿಲ್ಲ, ಒಳಗೆ ಏನು ಬಂದು ತುಂಬಿದರೂ ಒತ್ತಡ ಬೀಳುವುದು ವಯರಿನ ಮೇಲೆಯೇ. ಒತ್ತಡ ಏರಿದಂತೆ ಬೆನ್ನುಹುರಿಯ ರಕ್ತ ಸಂಚಾರ ಕುಂಠಿತವಾಗುತ್ತದೆ, ನರಕೋಶಗಳಿಗೆ ಆಮ್ಲಜನಕ ಸಿಗುವುದಿಲ್ಲ. ಬೆಳಿಗ್ಗೆ ಕುಂಟುತ್ತಿದ್ದ ಮಗುವಿಗೆ ಸಂಜೆಯ ಹೊತ್ತಿಗೆ ಕಾಲೇ ಎತ್ತಲಾಗದ ಸ್ಥಿತಿ ಬರಬಹುದಾದದ್ದು ಹೀಗೆ.

ಕೀಟಾಣು ಅಲ್ಲಿಗೆ ಹೋಗುವುದು ಹೇಗೆ?

ಹೆಚ್ಚಿನ ಸಲ ರಕ್ತದ ಮೂಲಕ. ಚರ್ಮದ ಗಾಯ, ಗಂಟಲು, ಶ್ವಾಸಕೋಶ, ನವಜಾತ ಶಿಶುವಿನ ಹೊಕ್ಕುಳು, ಹೀಗೆ ಎಲ್ಲಿಂದಲೋ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಬೆನ್ನುಮೂಳೆಯಲ್ಲಿ ನೆಲೆಯೂರುತ್ತದೆ. ದೊಡ್ಡವರ ಡಿಸ್ಕ್‌ಗೆ ರಕ್ತನಾಳಗಳಿಲ್ಲ. ಪುಟ್ಟ ಮಕ್ಕಳಲ್ಲಿ ಹಾಗಲ್ಲ. ಅಕ್ಕಪಕ್ಕದ ಕಶೇರುವಿನಿಂದ ಸಣ್ಣ ಸಣ್ಣ ರಕ್ತನಾಳಗಳು ಡಿಸ್ಕ್‌ನ ಅಂಚಿನವರೆಗೂ ಬರುತ್ತವೆ. ಹಾಗಾಗಿ ಐದು ವರ್ಷದೊಳಗಿನವರಲ್ಲಿ ಸೋಂಕು ಡಿಸ್ಕ್‌ನಲ್ಲೇ ಶುರುವಾಗುವುದುಂಟು, ಸಾಮಾನ್ಯವಾಗಿ ಸೊಂಟದ ಭಾಗದಲ್ಲಿ. ಇದನ್ನು ಡಿಸ್ಕೈಟಿಸ್ ಎನ್ನುತ್ತಾರೆ.

ಕಾರಣವಾಗುವ ಕೀಟಾಣುಗಳಲ್ಲಿ ಮುಖ್ಯವಾದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್, ಚರ್ಮದ ಕುರುಗಳಿಗೆ ಕಾರಣವಾಗುವ ಅದೇ ಬ್ಯಾಕ್ಟೀರಿಯಾ. ಆರು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಕಿಂಗೆಲ್ಲಾ ಕಿಂಗೇ ಎಂಬ ಇನ್ನೊಂದು ಕೀಟಾಣುವೂ ಇದೆ. ಆರೋಗ್ಯವಂತ ಮಕ್ಕಳ ಗಂಟಲಲ್ಲೂ ಅದು ಸದ್ದಿಲ್ಲದೆ ಬದುಕಿರುತ್ತದೆ. ಅದು ತರುವ ಕಾಯಿಲೆ ಸೌಮ್ಯ, ಜ್ವರವೂ ಹೆಚ್ಚಿರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅದನ್ನು ಬೆಳೆಸುವುದು ಕಷ್ಟ. ಅದರ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಬಂದ ಮೇಲೆಯೇ ಅದರ ಪಾತ್ರ ಎಷ್ಟು ದೊಡ್ಡದೆಂದು ತಿಳಿದದ್ದು.

ಕುರಿ, ಮೇಕೆ, ಹಸು ಸಾಕುವ ಮನೆಗಳಲ್ಲಿ ಕಾಯಿಸದ ಹಾಲು ಕುಡಿಯುವ ಅಭ್ಯಾಸವಿದ್ದರೆ ಬ್ರೂಸೆಲ್ಲಾ ಸೋಂಕನ್ನೂ ಯೋಚಿಸಬೇಕು. ವಿಜಯಪುರ ಭಾಗದ ಮಕ್ಕಳಲ್ಲಿ ಈ ಸೋಂಕು ಕಂಡುಬಂದ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳು ಪ್ರಕಟವಾಗಿವೆ. ಅದು ಕೀಲು ಮತ್ತು ಬೆನ್ನುಮೂಳೆಗೆ ಹರಡಬಲ್ಲದು. ವೈದ್ಯರು ಕೇಳದಿದ್ದರೂ ಮನೆಯಲ್ಲಿ ದನಕರು, ಕುರಿ ಇರುವ ವಿಷಯವನ್ನು ಹೇಳಿಬಿಡುವುದು ಒಳ್ಳೆಯದು.

ಕ್ಷಯದ ದಾರಿಯೇ ಬೇರೆ, ಅದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು, ಹುಟ್ಟಿದ ದಿನವೇ ಕಣ್ಣಿಗೆ ಬೀಳಬಹುದಾದ ಇನ್ನೊಂದು ದಾರಿಯನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು.

ಬೆನ್ನಿನ ನಡುಗೆರೆಯ ಮೇಲಿನ ಕುಳಿ

ಗರ್ಭದ ಮೊದಲ ತಿಂಗಳಿನಲ್ಲಿ ಭ್ರೂಣದ ಚರ್ಮ ಮತ್ತು ನರಮಂಡಲ ಒಂದೇ ಪದರದಿಂದ ಹುಟ್ಟಿ, ಆಮೇಲೆ ಬೇರೆಯಾಗುತ್ತವೆ. ಎಲ್ಲೋ ಒಂದು ಕಡೆ ಈ ಬೇರ್ಪಡುವಿಕೆ ಪೂರ್ತಿಯಾಗದಿದ್ದರೆ ಚರ್ಮದಿಂದ ಬೆನ್ನುಹುರಿಯ ಕಡೆಗೆ ಕೂದಲೆಳೆಯಷ್ಟು ಸಣ್ಣ ಕೊಳವೆಯೊಂದು ಉಳಿದುಬಿಡುತ್ತದೆ. ಇದಕ್ಕೆ ಡರ್ಮಲ್ ಸೈನಸ್ ಎನ್ನುತ್ತಾರೆ. ಸುಮಾರು 2,500 ಶಿಶುಗಳಲ್ಲಿ ಒಂದಕ್ಕೆ ಇದಿರುತ್ತದೆ ಎಂಬುದು ವೈದ್ಯಕೀಯ ಗ್ರಂಥಗಳು ಕೊಡುವ ಅಂದಾಜು. ಹೊರಗಿನಿಂದ ನೋಡಿದರೆ ಬೆನ್ನಿನ ನಡುಗೆರೆಯ ಮೇಲೆ ಒಂದು ಪುಟ್ಟ ರಂಧ್ರ ಅಥವಾ ಕುಳಿ, ಅಷ್ಟೆ. ಪಕ್ಕದಲ್ಲಿ ಕೂದಲಿನ ಗೊಂಚಲು, ಕೆಂಪು ಮಚ್ಚೆ, ಮೆತ್ತನೆಯ ಗಂಟು ಇರಬಹುದು. ಕೆಲವೊಮ್ಮೆ ಅದರಿಂದ ನೀರೋ ಕೀವೋ ಜಿನುಗುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಈ ಕೊಳವೆಯಲ್ಲಿ ಇಳಿದು ನೇರವಾಗಿ ಬೆನ್ನುಹುರಿಯ ದ್ರವಕ್ಕೆ, ಒಮ್ಮೊಮ್ಮೆ ಬೆನ್ನುಹುರಿಯ ತಿರುಳಿಗೇ ತಲುಪುತ್ತದೆ. ಪುಟ್ಟ ಮಕ್ಕಳ ಬೆನ್ನುಹುರಿಯೊಳಗೆ ಕೀವು ಕಟ್ಟಿದ ಪ್ರಕರಣಗಳ ಹಿಂದೆ ಇಂಥ ಕೊಳವೆ ಇದ್ದದ್ದು ಮತ್ತೆ ಮತ್ತೆ ಕಂಡುಬಂದಿದೆ.

ಹಾಗೆಂದು ಮಗುವಿನ ಬೆನ್ನ ಕೆಳಗೆ ಕಂಡ ಕುಳಿಯೆಲ್ಲ ಅಪಾಯವಲ್ಲ. ಎರಡು ಪೃಷ್ಠಗಳ ನಡುವಿನ ಸೀಳಿನೊಳಗೆ, ಗುದದ್ವಾರದಿಂದ ಎರಡೂವರೆ ಸೆಂಟಿಮೀಟರಿನ ಒಳಗೆ, ಐದು ಮಿಲಿಮೀಟರಿಗಿಂತ ಸಣ್ಣದಾದ, ತಳ ಕಾಣುವ ಕುಳಿ ಎಷ್ಟೋ ಆರೋಗ್ಯವಂತ ಶಿಶುಗಳಲ್ಲಿ ಇರುತ್ತದೆ. ಅದರಿಂದ ತೊಂದರೆಯಿಲ್ಲ. ಸೀಳಿಗಿಂತ ಮೇಲಿರುವುದು, ದೊಡ್ಡದಾಗಿರುವುದು, ಜೊತೆಗೆ ಕೂದಲೋ ಮಚ್ಚೆಯೋ ಇರುವುದು, ಜಿನುಗುವುದು, ಇವನ್ನು ಪರೀಕ್ಷಿಸಲೇಬೇಕು. ತಲೆಯ ಹಿಂಭಾಗದ ನಡುಗೆರೆಯ ಮೇಲೂ ಇಂಥ ರಂಧ್ರ ಇರಬಹುದು.

ಬಾಣಂತನದ ಮನೆಯಲ್ಲಿ ಮಗುವಿನ ಬೆನ್ನನ್ನು ದಿನವೂ ಬೆಳಕಿನಲ್ಲಿ ನೋಡುವವರು ಯಾರು? ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಹಾಕುವ ಅಜ್ಜಿ. ಆಕೆಯ ಕಣ್ಣಿಗೆ ಬಿದ್ದದ್ದು ವೈದ್ಯರ ಕಿವಿಗೂ ಬೀಳಬೇಕು. ಆ ರಂಧ್ರಕ್ಕೆ ಎಣ್ಣೆ ಬಿಡುವುದು, ಕಡ್ಡಿಯಿಂದ ಕೆದಕುವುದು, ಅರಿಸಿನ ತುಂಬುವುದು ಬೇಡ. ಆಸ್ಪತ್ರೆಯಲ್ಲಿಯೂ ಅದರೊಳಗೆ ಸಲಾಕೆ ಹಾಕಿ ಆಳ ನೋಡುವುದಿಲ್ಲ; ಸೋಂಕನ್ನು ಒಳಕ್ಕೆ ತಳ್ಳಿದಂತಾಗುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಬೆನ್ನುಮೂಳೆಯ ಹಿಂಭಾಗ ಪೂರ್ತಿ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಅಲ್ಟ್ರಾಸೌಂಡ್‌ನಲ್ಲೇ ಬೆನ್ನುಹುರಿ ಕಾಣುತ್ತದೆ. ಅನುಮಾನ ಉಳಿದರೆ ಎಂಆರ್‌ಐ. ಕೊಳವೆ ಇರುವುದು ಖಚಿತವಾದರೆ ಸೋಂಕು ಬರುವ ತನಕ ಕಾಯದೆ ಅದನ್ನು ಬುಡದವರೆಗೂ ತೆಗೆಯುತ್ತಾರೆ. ಮೇಲಿನ ರಂಧ್ರವನ್ನಷ್ಟೇ ಹೊಲಿದು ಬಿಟ್ಟರೆ ಕೆಲಸವಾಗುವುದಿಲ್ಲ, ಏಕೆಂದರೆ ಕೊಳವೆಯ ಒಳತುದಿಯಲ್ಲಿ ಚರ್ಮದ ಕೋಶಗಳೇ ಸೇರಿ ಬೆಳೆದ ಗಂಟು ಇರುವ ಸಾಧ್ಯತೆಯಿದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಬೆನ್ನುಹುರಿಯ ಜನ್ಮದೋಷಗಳು ಅದರ ತಪಾಸಣೆಯ ಪಟ್ಟಿಯಲ್ಲಿವೆ. ಹೆರಿಗೆಯಾದ ಆಸ್ಪತ್ರೆಯಲ್ಲೋ ಅಂಗನವಾಡಿಗೆ ಬರುವ ತಂಡದ ಬಳಿಯೋ ಬೆನ್ನನ್ನು ತೋರಿಸಬಹುದು. ಮಗುವಿಗೆ ಒಂದಕ್ಕಿಂತ ಹೆಚ್ಚು ಬಾರಿ ಮೆನಿಂಜೈಟಿಸ್ ಬಂದಿದ್ದರಂತೂ ನೆತ್ತಿಯಿಂದ ಪೃಷ್ಠದವರೆಗೆ ನಡುಗೆರೆಯನ್ನು ಬೆರಳಿಟ್ಟು ಹುಡುಕಬೇಕು.

ಮಗು ನೋವನ್ನು ಹೇಳುವ ಬಗೆ

ಎರಡು ವರ್ಷದ ಮಗು ‘ಬೆನ್ನು ನೋಯುತ್ತಿದೆ’ ಎಂದು ಹೇಳುವುದಿಲ್ಲ. ಅದರ ಮೈ ಹೇಳುತ್ತದೆ. ಡಯಾಪರ್ ಬದಲಿಸಲು ಎರಡೂ ಕಾಲು ಹಿಡಿದೆತ್ತಿದಾಗ ಸೊಂಟ ಬಾಗುತ್ತದೆ, ಆಗ ಚೀರುತ್ತದೆ. ಕೂರಿಸಿದರೆ ಎರಡೂ ಅಂಗೈಯನ್ನು ಹಿಂದಕ್ಕೆ ನೆಲಕ್ಕೂರಿ ಬೆನ್ನಿಗೆ ಆಧಾರ ಕೊಟ್ಟುಕೊಳ್ಳುತ್ತದೆ, ಇಲ್ಲವೇ ಕೂರಲು ಒಪ್ಪದೆ ಮಲಗಿಬಿಡುತ್ತದೆ. ನಿಂತಿರುವ ಮಗುವಿನ ಎದುರು ನೆಲದ ಮೇಲೆ ಆಟಿಕೆ ಇಟ್ಟು ನೋಡಿ. ಬೆನ್ನು ಸರಿಯಿರುವ ಮಗು ಸಲೀಸಾಗಿ ಬಗ್ಗಿ ಎತ್ತಿಕೊಳ್ಳುತ್ತದೆ. ಬೆನ್ನು ನೋಯುವ ಮಗು ಬೆನ್ನನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು, ಮಂಡಿ ಮಡಚಿ ಕುಕ್ಕರಿಸಿ, ಒಂದು ಕೈಯನ್ನು ತೊಡೆಯ ಮೇಲೆ ಊರಿ, ಇನ್ನೊಂದರಿಂದ ಆಟಿಕೆ ತೆಗೆದುಕೊಳ್ಳುತ್ತದೆ. ಈ ಒಂದು ನೋಟ ಕೆಲವೊಮ್ಮೆ ಮೊದಲ ಎಕ್ಸ್‌ರೇಗಿಂತ ಹೆಚ್ಚು ಹೇಳುತ್ತದೆ.

ರಾತ್ರಿ ನಿದ್ದೆಯಿಂದ ಎದ್ದು ಅಳುವುದು ಮತ್ತೊಂದು ಸುಳಿವು. ಬೆನ್ನಿನ ನರದ ಬೇರು ಕೆರಳಿದರೆ ನೋವು ಹೊಟ್ಟೆಗೆ ಹರಿಯುತ್ತದೆ; ಹೊಟ್ಟೆನೋವೆಂದು ದಿನಗಟ್ಟಲೆ ಔಷಧ ಕುಡಿಸಿದ ಮೇಲೆ ಬೆನ್ನಿನ ಕಾಯಿಲೆ ಪತ್ತೆಯಾದದ್ದುಂಟು. ಜ್ವರ ಇರಲೇಬೇಕೆಂದಿಲ್ಲ. ಡಿಸ್ಕೈಟಿಸ್ ಆದ ಮಗುವಿನ ಮೈ ತಣ್ಣಗಿರಬಹುದು. ತೀರಾ ಎಳೆಯ ಶಿಶುಗಳಲ್ಲಿ ಸುಳಿವು ಇನ್ನೂ ಮಸುಕು: ಹಾಲು ಬಿಡುವುದು, ಮಂಕಾಗುವುದು, ಒಂದು ಕಾಲು ಇನ್ನೊಂದರಷ್ಟು ಆಡದಿರುವುದು.

ಇಷ್ಟಾದರೆ ಒಂದೆರಡು ದಿನದೊಳಗೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಆದರೆ ಕಾಲಿನ ಬಲ ಕುಗ್ಗಿದ್ದರೆ, ನಡೆಯುತ್ತಿದ್ದ ಮಗು ಅಂಬೆಗಾಲಿಗೆ ಮರಳಿದರೆ, ಆರೆಂಟು ಗಂಟೆ ಡಯಾಪರ್ ಒದ್ದೆಯಾಗದೆ ಕಿಬ್ಬೊಟ್ಟೆ ಉಬ್ಬಿದ್ದರೆ ಅಥವಾ ಮೂತ್ರ ಹನಿಹನಿಯಾಗಿ ಸೋರುತ್ತಲೇ ಇದ್ದರೆ ದಿನ ಎಣಿಸುವಂತಿಲ್ಲ. ಅವತ್ತೇ, ಆ ಹೊತ್ತೇ, ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. 108 ಆಂಬುಲೆನ್ಸ್ ಕರೆಯಲು ಇದು ತಕ್ಕ ಕಾರಣ.

ಉಳುಕು ತೆಗೆಸುವುದು, ಬೆನ್ನು ತುಳಿಸುವುದು, ಬರೆ ಹಾಕಿಸುವುದು ಹಾನಿಕರ. ಸೋಂಕಿನಿಂದ ಮೆತ್ತಗಾದ ಮೂಳೆ ಕುಸಿಯಬಹುದು. ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಎರಡು ದಿನ ಕುಡಿಸುವುದೂ ಅಷ್ಟೇ ಅಪಾಯ. ಕಾಯಿಲೆ ಹೋಗುವುದಿಲ್ಲ, ಕೀಟಾಣು ಯಾವುದೆಂಬ ಸುಳಿವು ಮಾತ್ರ ಅಳಿಸಿಹೋಗುತ್ತದೆ.

ಆಸ್ಪತ್ರೆಯಲ್ಲಿ ಪತ್ತೆಹಚ್ಚುವ ಬಗೆ

ಮೊದಲು ರಕ್ತ ಪರೀಕ್ಷೆ. ಬಿಳಿರಕ್ತಕಣಗಳ ಎಣಿಕೆಯ ಜೊತೆಗೆ ಸಿಆರ್‌ಪಿ, ಇಎಸ್‌ಆರ್ ಎಂಬ ಎರಡು ಅಳತೆಗಳು. ಮೈಯಲ್ಲಿ ಉರಿಯೂತ ಇದೆ ಎಂದಷ್ಟೇ ಇವು ಹೇಳುತ್ತವೆ, ಎಲ್ಲಿ ಎಂದು ಹೇಳುವುದಿಲ್ಲ. ಚಿಕಿತ್ಸೆ ಫಲಿಸಿದರೆ ಸಿಆರ್‌ಪಿ ಬೇಗ ಇಳಿಯುತ್ತದೆ, ಇಎಸ್‌ಆರ್ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ರಕ್ತದ ಕಲ್ಚರ್‌ಗೆ ಮಾದರಿ ತೆಗೆಯುತ್ತಾರೆ. ರಕ್ತದಲ್ಲಿ ಕೀಟಾಣು ಇದ್ದರೆ ಅದು ಬೆಳೆದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ತಿಳಿಯುತ್ತದೆ.

ಎಕ್ಸ್‌ರೇ ತೆಗೆದು ‘ಏನೂ ಇಲ್ಲ’ ಎಂದರೆ ನಿಶ್ಚಿಂತೆ ಬೇಡ. ಡಿಸ್ಕೈಟಿಸ್‌ನಲ್ಲಿ ಮೊದಲ ಎರಡು ಮೂರು ವಾರ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಮೂಳೆಯ ಖನಿಜಾಂಶ ಗಣನೀಯವಾಗಿ ಕರಗಿದ ಮೇಲಷ್ಟೇ ಅದರಲ್ಲಿ ಗುರುತು ಮೂಡುತ್ತದೆ. ಬೆನ್ನುಹುರಿಯಂತೂ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ನಿರ್ಣಾಯಕವಾದದ್ದು ಎಂಆರ್‌ಐ. ಕಾಂತಕ್ಷೇತ್ರ ಮತ್ತು ರೇಡಿಯೊ ಅಲೆಗಳಿಂದ ಚಿತ್ರ ತೆಗೆಯುವ ಈ ವಿಧಾನದಲ್ಲಿ ವಿಕಿರಣವಿಲ್ಲ. ಡಿಸ್ಕ್, ಪೊರೆ, ದ್ರವ, ಬೆನ್ನುಹುರಿಯ ತಿರುಳು ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಗ್ಯಾಡೋಲಿನಿಯಂ ಇರುವ ಚುಚ್ಚುಮದ್ದು ಕೊಟ್ಟರೆ ಕೀವಿನ ಸುತ್ತಲಿನ ಗೋಡೆ ಹೊಳೆದು ಕಾಣುತ್ತದೆ. ನೋವು ಒಂದೇ ಕಡೆ ಇದ್ದರೂ ಬೆನ್ನುಮೂಳೆಯ ಉದ್ದಕ್ಕೂ ಚಿತ್ರ ತೆಗೆಯುವುದು ಲೇಸು, ಏಕೆಂದರೆ ಸೋಂಕು ಒಂದಕ್ಕಿಂತ ಹೆಚ್ಚು ಕಡೆ ಇರಬಹುದು.

ತೊಡಕಿರುವುದು ಮಗುವನ್ನು ಅಲುಗಾಡದಂತೆ ಮಲಗಿಸುವುದರಲ್ಲಿ. ಯಂತ್ರ ಜೋರಾಗಿ ಸದ್ದು ಮಾಡುತ್ತದೆ, ಚಿತ್ರ ಪೂರ್ತಿಯಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಎಳೆಯ ಶಿಶುವಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ಕಿವಿ ಮುಚ್ಚಿ ನಿದ್ದೆ ಮಾಡಿಸಿದರೆ ಸಾಕಾಗಬಹುದು. ಒಂದರಿಂದ ಐದು ವರ್ಷದವರಿಗೆ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುತ್ತದೆ. ಅದಕ್ಕೆ ಹೊಟ್ಟೆ ಖಾಲಿಯಿರಬೇಕು. ರೂಢಿಯ ಲೆಕ್ಕವೆಂದರೆ ಘನ ಆಹಾರ ಮತ್ತು ಹಸುವಿನ ಹಾಲು ಆರು ಗಂಟೆ ಮೊದಲು, ಎದೆಹಾಲು ನಾಲ್ಕು ಗಂಟೆ ಮೊದಲು, ಬರೀ ನೀರು ಎರಡು ಗಂಟೆ ಮೊದಲು ನಿಲ್ಲಿಸಬೇಕು. ಅಳುವ ಮಗುವಿಗೆ ಅಜ್ಜಿಯೋ ಅತ್ತೆಯೋ ಕನಿಕರದಿಂದ ಕೊಟ್ಟ ಒಂದು ಬಿಸ್ಕತ್ತು ಪರೀಕ್ಷೆಯನ್ನು ಗಂಟೆಗಟ್ಟಲೆ ಮುಂದೂಡಬಹುದು. ಹಾಗಾಗಿ ಜೊತೆಗಿರುವ ಎಲ್ಲರಿಗೂ ಇದನ್ನು ತಿಳಿಸಿಡಬೇಕು.

ಮಗುವಿಗೆ ಜ್ವರ, ಕುತ್ತಿಗೆ ಬಿಗಿತ ಇದ್ದಾಗ ಸೊಂಟದಲ್ಲಿ ಸೂಜಿ ಹಾಕಿ ದ್ರವ ತೆಗೆಯುವ ಪರೀಕ್ಷೆ ಸಾಮಾನ್ಯ. ಜನ ಇದಕ್ಕೆ ಹೆದರುತ್ತಾರೆ. ಅನುಭವಿ ಕೈಯಲ್ಲಿ ಅದು ಸುರಕ್ಷಿತ. ಆದರೆ ಸೂಜಿ ಹೋಗುವ ದಾರಿಯಲ್ಲೇ ಕೀವಿದ್ದರೆ ಸೋಂಕು ಒಳಕ್ಕೆ ಸಾಗುವ ಅಪಾಯವಿದೆ. ಆದ್ದರಿಂದ ಬೆನ್ನಿನ ಕೀವಿನ ಅನುಮಾನವಿದ್ದರೆ ಎಂಆರ್‌ಐ ಮೊದಲು, ಸೂಜಿ ಆಮೇಲೆ.

ಔಷಧ ಎಷ್ಟು ದಿನ, ಶಸ್ತ್ರಚಿಕಿತ್ಸೆ ಯಾವಾಗ?

ಮಾದರಿ ತೆಗೆದ ತಕ್ಷಣ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಕೀಟಾಣು ಯಾವುದೆಂದು ಗೊತ್ತಾಗುವ ತನಕ ಹಲವು ಬಗೆಯವನ್ನು ಎದುರಿಸಬಲ್ಲ ಔಷಧಗಳ ಜೋಡಿ ಇರುತ್ತದೆ, ಉದಾಹರಣೆಗೆ ವ್ಯಾಂಕೊಮೈಸಿನ್ ಮತ್ತು ಸೆಫ್ಟ್ರಿಯಾಕ್ಸೋನ್. ಕಲ್ಚರ್ ವರದಿ ಬಂದ ಮೇಲೆ ಅದಕ್ಕೆ ತಕ್ಕ ಒಂದಕ್ಕೆ ಇಳಿಸುತ್ತಾರೆ. ಡಿಸ್ಕೈಟಿಸ್‌ಗೆ ಒಟ್ಟು ನಾಲ್ಕರಿಂದ ಆರು ವಾರ. ನೋವು ಇಳಿದು ಸಿಆರ್‌ಪಿ ತಗ್ಗಿದ ಮೇಲೆ ಉಳಿದ ವಾರಗಳನ್ನು ಬಾಯಿಯ ಔಷಧದಲ್ಲೇ ಮುಗಿಸಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಮಗು ಮೂರನೆಯ ದಿನ ನಗುತ್ತಾ ಓಡಾಡಿದರೂ ಔಷಧದ ಅವಧಿ ಮುಗಿಸಲೇಬೇಕು. ರಕ್ತ ಹೆಚ್ಚು ಹರಿಯದ ಜಾಗದಲ್ಲಿ ಕೀಟಾಣುಗಳು ನಾಶವಾಗಲು ಅಷ್ಟು ಕಾಲ ಹಿಡಿಯುತ್ತದೆ.

ಪೊರೆಯ ಹೊರಗೆ ಕೀವು ತುಂಬಿ ಬೆನ್ನುಹುರಿಯನ್ನು ಅದುಮುತ್ತಿದ್ದರೆ, ಕಾಲಿನ ಬಲ ಕುಗ್ಗುತ್ತಿದ್ದರೆ ತುರ್ತು ಶಸ್ತ್ರಚಿಕಿತ್ಸೆ ಬೇಕು. ಕಶೇರುವಿನ ಹಿಂಭಾಗದ ಕಮಾನನ್ನು ತೆರೆದು ಕೀವು ಹೊರಹಾಕಿ, ತೊಳೆಯುತ್ತಾರೆ. ದೊಡ್ಡವರಲ್ಲಿ ಆ ಕಮಾನನ್ನು ತೆಗೆದುಬಿಡುವುದುಂಟು. ಬೆಳೆಯುವ ಮಗುವಿನಲ್ಲಿ ಹಾಗೆ ಮಾಡಿದರೆ ಮುಂದೆ ಬೆನ್ನು ಬಾಗುವ ಸಾಧ್ಯತೆ ಇರುವುದರಿಂದ, ಆದಷ್ಟೂ ಕಡಿಮೆ ಮೂಳೆ ತೆಗೆಯಲು ಅಥವಾ ತೆರೆದದ್ದನ್ನು ಮರಳಿ ಕೂರಿಸಲು ಪ್ರಯತ್ನಿಸುತ್ತಾರೆ. ನರದೌರ್ಬಲ್ಯವಿಲ್ಲದ, ಸಣ್ಣ ಪ್ರಮಾಣದ ಕೀವಿಗೆ ಕೆಲವೊಮ್ಮೆ ಔಷಧ ಮಾತ್ರ ಕೊಟ್ಟು, ದಿನವೂ ಕಾಲಿನ ಬಲ ನೋಡುತ್ತಾ ಕಾಯುತ್ತಾರೆ. ಅಂಥ ಕಾಯುವಿಕೆ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ, ಮನೆಯಲ್ಲಿ ಅಲ್ಲ.

ಬೆನ್ನುಹುರಿಯ ತಿರುಳಿನೊಳಗಿನ ಕೀವಿಗೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಬೆನ್ನುಹುರಿಯನ್ನೇ ಹಿಂಭಾಗದ ನಡುಗೆರೆಯಲ್ಲಿ ಬಿಡಿಸಿ ಕೀವು ತೆಗೆಯಬೇಕಾಗುತ್ತದೆ. ಹೆತ್ತವರಿಗೆ ಕೇಳಿದರೇ ಎದೆ ನಡುಗುವ ಮಾತಿದು. ಆದರೆ ಗೋಡೆ ಕಟ್ಟಿಕೊಂಡ ಕೀವಿನೊಳಕ್ಕೆ ಔಷಧ ಸಾಕಷ್ಟು ಇಳಿಯುವುದಿಲ್ಲ. ಡರ್ಮಲ್ ಸೈನಸ್ ಇದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಸೋಂಕು ಮರುಕಳಿಸುತ್ತದೆ. ಆಮೇಲೆ ಹಲವು ವಾರ ರಕ್ತನಾಳದ ಮೂಲಕ ಔಷಧ.

ಕ್ಷಯ: ನಮ್ಮಲ್ಲಿ ಮರೆಯಬಾರದ ಕಾರಣ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಮೂಳೆ ಮತ್ತು ಕೀಲಿನ ಕ್ಷಯದಲ್ಲಿ ಹೆಚ್ಚುಕಡಿಮೆ ಅರ್ಧ ಬೆನ್ನುಮೂಳೆಯದು. 1779ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಬೆನ್ನು ಬಾಗಿ ಕಾಲು ಸೋಲುವ ಈ ಕಾಯಿಲೆಯನ್ನು ವಿವರಿಸಿದ್ದರಿಂದ ಇದಕ್ಕೆ ಪಾಟ್ ಕಾಯಿಲೆ ಎಂಬ ಹೆಸರೂ ಇದೆ.

ಇದು ನಿಧಾನವಾಗಿ ಕೊರೆಯುವ ಸೋಂಕು. ವಾರ, ತಿಂಗಳುಗಟ್ಟಲೆ ಬೆನ್ನು ನೋವು, ಸಂಜೆಯ ಸಣ್ಣ ಜ್ವರ, ಮಗುವಿನ ತೂಕ ಏರದಿರುವುದು. ಕಶೇರುವಿನ ಮುಂಭಾಗ ಕರಗಿ ಕುಸಿದಾಗ ಬೆನ್ನ ಮೇಲೆ ಚೂಪಾದ ಗೂನು ಕಾಣಿಸಿಕೊಳ್ಳುತ್ತದೆ. ಅಂಗಿ ಬಿಚ್ಚಿ ಪಕ್ಕದಿಂದ ನೋಡಿದರೆ ಸಣ್ಣ ಉಬ್ಬೂ ತಿಳಿಯುತ್ತದೆ. ಪುಟ್ಟ ಮಗುವಿಗೆ ಕ್ಷಯ ಅಂಟಿಸಿದವರು ಹೆಚ್ಚಾಗಿ ಮನೆಯ ದೊಡ್ಡವರೇ ಆಗಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದೆಯೇ ಎಂದು ವೈದ್ಯರು ಕೇಳುವುದು ತಪ್ಪು ಹೊರಿಸಲಿಕ್ಕಲ್ಲ, ಅವರಿಗೂ ಚಿಕಿತ್ಸೆ ಸಿಗಲಿ ಎಂದು.

ಎಂಆರ್‌ಐ ಚಿತ್ರ ನೋಡಿ ಕ್ಷಯವೆಂದು ಬಲವಾಗಿ ಅನುಮಾನಿಸಬಹುದು. ಆದರೂ ಸಾಧ್ಯವಾದ ಕಡೆಯೆಲ್ಲ ಸೂಜಿಯಿಂದ ಮಾದರಿ ತೆಗೆದು, ಕ್ಷಯದ ಕೀಟಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಪರೀಕ್ಷೆ ಮತ್ತು ಕಲ್ಚರ್ ಮಾಡಿಸಬೇಕು. ಕೀಟಾಣು ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಸಿಬಿನಾಟ್ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಬಗ್ಗದ ಕ್ಷಯಕ್ಕೆ ಮಾಮೂಲಿ ಔಷಧ ತಿಂಗಳುಗಟ್ಟಲೆ ಕೊಟ್ಟರೆ ಮಗುವಿನ ಕಾಲಿನ ಬಲ ಅಷ್ಟರಲ್ಲಿ ಕೈಬಿಟ್ಟುಹೋಗಬಹುದು.

ಮಾಮೂಲಿ ಔಷಧಕ್ಕೆ ಬಗ್ಗುವ ಬೆನ್ನುಮೂಳೆಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಹತ್ತು ತಿಂಗಳು ಮೂರು ಔಷಧ. ಒಟ್ಟು ಒಂದು ವರ್ಷ. ಅಗತ್ಯವಿದ್ದರೆ ಹದಿನೆಂಟು ತಿಂಗಳವರೆಗೆ. ಶ್ವಾಸಕೋಶದ ಕ್ಷಯದ ಆರು ತಿಂಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುವ ಮೊತ್ತವನ್ನು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಲಾಗಿದೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಕೊಯಮತ್ತೂರಿನ ಬೆನ್ನುಮೂಳೆ ತಜ್ಞ ಎಸ್. ರಾಜಶೇಖರನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನುಮೂಳೆಯ ಕ್ಷಯಕ್ಕೆ ಚಿಕಿತ್ಸೆ ಪಡೆದ ಮಕ್ಕಳನ್ನು 15 ವರ್ಷ ಗಮನಿಸಲಾಯಿತು. ಕ್ಷಯ ಗುಣವಾದ ಮೇಲೂ ಕೆಲವರಲ್ಲಿ ಗೂನು ಬೆಳವಣಿಗೆಯ ಜೊತೆಗೇ ಹೆಚ್ಚುತ್ತಾ ಹೋಯಿತು, ಕೆಲವರಲ್ಲಿ ತಾನಾಗಿ ತಗ್ಗಿತು. ಯಾರ ಗೂನು ಹೆಚ್ಚಲಿದೆ ಎಂದು ಮೊದಲೇ ಊಹಿಸಲು ಎಕ್ಸ್‌ರೇಯಲ್ಲಿ ನೋಡಬೇಕಾದ ನಾಲ್ಕು ಗುರುತುಗಳನ್ನು ಅವರು ಕೊಟ್ಟರು. ಆ ಗುರುತುಗಳಿದ್ದರೆ ಗೂನು ದೊಡ್ಡದಾಗುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ತಡೆಯಬಹುದು.

ಹುಟ್ಟಿದಾಗ ಕೊಡುವ ಬಿಸಿಜಿ ಲಸಿಕೆ ಕ್ಷಯವನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಪುಟ್ಟ ಮಕ್ಕಳಲ್ಲಿ ಕ್ಷಯದ ಮೆನಿಂಜೈಟಿಸ್ ಮತ್ತು ಮೈಯೆಲ್ಲ ಹರಡುವ ಕ್ಷಯದಿಂದ ಒಳ್ಳೆಯ ರಕ್ಷಣೆ ಕೊಡುತ್ತದೆ.

ಕೀವಿಲ್ಲದೆ ಕಾಲು ಸೋತರೆ

ವೈರಸ್‌ಗಳೂ ಬೆನ್ನುಹುರಿಗೆ ದಾಳಿಯಿಡುತ್ತವೆ. ಪೋಲಿಯೊ ಇದರಲ್ಲಿ ಹಳೆಯದು; ಬೆನ್ನುಹುರಿಯ ಮುಂಭಾಗದ, ಸ್ನಾಯುಗಳನ್ನು ಆಡಿಸುವ ಕೋಶಗಳನ್ನು ಅದು ಕೊಲ್ಲುತ್ತದೆ. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಪತ್ತೆಯಾಯಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಎಂಟರೊವೈರಸ್ ಗುಂಪಿನ ಬೇರೆ ವೈರಸ್‌ಗಳೂ ಇಂಥ ದೌರ್ಬಲ್ಯ ತರಬಲ್ಲವು. ಇವಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಉಸಿರಾಟಕ್ಕೆ ಆಸರೆ, ವ್ಯಾಯಾಮ ಮತ್ತು ಕಾಲವೇ ಮುಖ್ಯ ಚಿಕಿತ್ಸೆ.

15 ವರ್ಷದೊಳಗಿನ ಯಾವ ಮಗುವಿಗೇ ಹಠಾತ್ತನೆ ಕೈಕಾಲು ಸೋತರೂ ಆಸ್ಪತ್ರೆ ಅದನ್ನು ಆರೋಗ್ಯ ಇಲಾಖೆಗೆ ತಿಳಿಸುತ್ತದೆ. ಮಗುವಿನ ಮಲದ ಎರಡು ಮಾದರಿಗಳನ್ನು, 24 ಗಂಟೆಯ ಅಂತರದಲ್ಲಿ, ದೌರ್ಬಲ್ಯ ಶುರುವಾದ 14 ದಿನಗಳೊಳಗೆ ಸಂಗ್ರಹಿಸುತ್ತಾರೆ. ‘ನನ್ನ ಮಗುವಿಗೆ ಪೋಲಿಯೊ ಎಂದು ಬರೆದುಬಿಟ್ಟರೇ’ ಎಂದು ತಾಯಂದಿರು ಕಂಗಾಲಾಗುತ್ತಾರೆ. ಅದು ಪೋಲಿಯೊ ಅಲ್ಲವೆಂದು ಖಾತ್ರಿಪಡಿಸಿಕೊಳ್ಳುವ ಕ್ರಮ ಮಾತ್ರ.

ಮನೆಗೆ ಬಂದ ಮೇಲೆ

ಒತ್ತಡ ಬೇಗ ಇಳಿದಿದ್ದರೆ ಎಷ್ಟೋ ಮಕ್ಕಳು ಮೊದಲಿನಂತೆ ಓಡಾಡುತ್ತಾರೆ. ಬಲ ಮರಳಲು ಕೆಲವರಿಗೆ ತಿಂಗಳುಗಳು ಬೇಕು, ಕೆಲವರಲ್ಲಿ ಪೂರ್ತಿ ಮರಳುವುದಿಲ್ಲ. ಫಿಸಿಯೋಥೆರಪಿ ಆಸ್ಪತ್ರೆಯ ಹಾಸಿಗೆಯಲ್ಲೇ ಶುರುವಾಗುತ್ತದೆ. ಕೀಲುಗಳು ಬಿಗಿಯದಂತೆ ದಿನವೂ ಆಡಿಸುವುದನ್ನು ಮನೆಯವರು ಅಲ್ಲೇ ಕಲಿತುಕೊಳ್ಳಬೇಕು. ಸ್ಪರ್ಶ ತಿಳಿಯದ ಕಾಲಿಗೆ ಬಿಸಿನೀರಿನ ಬಾಟಲಿ ಇಡಬಾರದು. ಮಗುವಿಗೆ ಉರಿ ಗೊತ್ತಾಗದೆ ಚರ್ಮ ಸುಟ್ಟುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣನೆಗೆ ಒಳಗಾಗುವುದು ಮೂತ್ರಕೋಶ. ಮಗು ನಡೆಯತೊಡಗಿತೆಂದು ಮನೆಯವರು ನಿರಾಳರಾಗಿರುತ್ತಾರೆ, ಒಳಗೆ ಮೂತ್ರ ಪೂರ್ತಿ ಖಾಲಿಯಾಗದೆ ನಿಂತು ಮೂತ್ರಪಿಂಡಗಳತ್ತ ಒತ್ತುತ್ತಿರುತ್ತದೆ. ಅಂಥ ಮಕ್ಕಳಿಗೆ ದಿನಕ್ಕೆ ಹಲವು ಬಾರಿ, ಗೊತ್ತಾದ ಹೊತ್ತಿಗೆ, ತೆಳುವಾದ ನಳಿಕೆಯಿಂದ ಮೂತ್ರ ಖಾಲಿ ಮಾಡುವುದನ್ನು ತಂದೆ ತಾಯಿಗೆ ಕಲಿಸುತ್ತಾರೆ. ಮೊದಲ ವಾರ ಕೈ ನಡುಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿಗೆ ಹಲವು ಮಕ್ಕಳು ತಾವೇ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ. ಜೊತೆಗೆ ಕಾಲಕಾಲಕ್ಕೆ ಮೂತ್ರಪಿಂಡದ ಅಲ್ಟ್ರಾಸೌಂಡ್. ಬೆನ್ನು ಬಾಗುತ್ತಿದೆಯೇ ಎಂದು ನೋಡಲು ನಿಂತ ಭಂಗಿಯ ಎಕ್ಸ್‌ರೇಯನ್ನು ಎತ್ತರ ಬೆಳೆಯುವುದು ನಿಲ್ಲುವ ವಯಸ್ಸಿನವರೆಗೂ ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸುತ್ತಿರಬೇಕು. ಮೊದಲ ಎಂಆರ್‌ಐ ಚಿತ್ರಗಳನ್ನು, ಶಸ್ತ್ರಚಿಕಿತ್ಸೆಯ ವಿವರವಿರುವ ಬಿಡುಗಡೆ ಪತ್ರವನ್ನು ಅಲ್ಲಿಯವರೆಗೆ ಜೋಪಾನವಾಗಿಡಿ, ಪ್ರತಿ ಭೇಟಿಯಲ್ಲೂ ಹೊಸ ಚಿತ್ರವನ್ನು ಹೋಲಿಸಿ ನೋಡುವುದು ಅವುಗಳ ಜೊತೆಗೇ.